ಸ್ಥಾನ ಎಷ್ಟು ಎನ್ನುವ ಮೊದಲು, ಗೆರೆ ಎಳೆಯುವವರು ಯಾರು?

ಮಾನ್ಯ ಸಂಪಾದಕರೇ,

ಜನಸಂಖ್ಯೆಗೆ ತಕ್ಕಂತೆ ಚುನಾವಣಾ ಕ್ಷೇತ್ರಗಳನ್ನು ಮತ್ತೆ ಹಂಚಿ ಗಡಿ ಹಾಕುವ ಕ್ಷೇತ್ರ ಮರುವಿಂಗಡಣೆಯ ಬಗ್ಗೆ ನಿಮ್ಮ ವಾಚಕರ ಅಂಕಣದಲ್ಲಿ ಬರುತ್ತಿರುವ ಪತ್ರಗಳನ್ನು ಬಿಡದೆ ಓದುತ್ತಿದ್ದೇನೆ. ಬಹುತೇಕ ಎಲ್ಲ ಪತ್ರಗಳ ಆತಂಕವೂ ಒಂದೇ: ಲೋಕಸಭೆಯಲ್ಲಿ ಕರ್ನಾಟಕದ 28 ಸ್ಥಾನಗಳ ತೂಕ ಉಳಿಯುತ್ತದೆಯೇ, ಉತ್ತರದ ರಾಜ್ಯಗಳ ಪಾಲು ಎಷ್ಟು ಹಿಗ್ಗುತ್ತದೆ? 2025ರ ಮಾರ್ಚ್‌ನಲ್ಲಿ ಚೆನ್ನೈನಲ್ಲಿ ನಡೆದ ಸಭೆಯಲ್ಲಿ ನಮ್ಮ ರಾಜ್ಯದ ಉಪಮುಖ್ಯಮಂತ್ರಿಯೂ ಭಾಗವಹಿಸಿದ್ದರು. ಅಲ್ಲಿ ನಡೆದದ್ದೂ ಇದೇ ಚರ್ಚೆ. ಕೇಳಲೇಬೇಕಾದ ಪ್ರಶ್ನೆ, ಅನುಮಾನವಿಲ್ಲ. ಆದರೆ ಆ ಸ್ಥಾನಗಳಿಗೆ ನೆಲದ ಮೇಲೆ ಗೆರೆ ಎಳೆಯುವವರು ಯಾರು, ಅವರನ್ನು ನೇಮಿಸುವವರು ಯಾರು, ಗೆರೆ ನಮ್ಮೂರನ್ನು ಸೀಳಿಕೊಂಡು ಹೋದರೆ ನಾವು ಯಾರ ಮುಂದೆ ನಿಲ್ಲಬೇಕು ಎಂಬ ಮಾತು ಎಲ್ಲಿಯೂ ಏಳುತ್ತಿಲ್ಲ. ನಾನು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿ ದುಡಿದು ನಿವೃತ್ತನಾದವನು. ಗಡಿ ಗುರುತಿಸುವುದೇ ನನ್ನ ಅನ್ನವಾಗಿತ್ತು. ಆ ಅಧಿಕಾರದಿಂದ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೂ ದಯವಿಟ್ಟು ಕತ್ತರಿಸಬೇಡಿ.

ಒಬ್ಬ ರೈತ ತನ್ನ ಎರಡು ಎಕರೆಗೆ ಹದ್ದುಬಸ್ತು ಮಾಡಿಕೊಡಿ ಎಂದು ಅರ್ಜಿ ಹಾಕಿದರೆ ಏನೇನು ನಡೆಯುತ್ತದೆ ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಮೊದಲು ಬಾಜುದಾರರಿಗೆ ನೋಟಿಸ್ ಹೋಗಬೇಕು. ಅಳತೆಯ ದಿನ ಅವರೆಲ್ಲ ಹೊಲದಲ್ಲಿ ನಿಂತಿರಬೇಕು. ಸರ್ವೆಯರ್ ಮೂಲ ಟಿಪ್ಪಣಿ ಹಿಡಿದು ಅಳೆಯಬೇಕು, ಬಾಂದು ಕಲ್ಲು ಎಲ್ಲಿದೆ ಎಂದು ತೋರಿಸಬೇಕು, ಮಹಜರು ಬರೆದು ಪಂಚರ ಸಹಿ ಪಡೆಯಬೇಕು. ಯಾರಿಗಾದರೂ ಒಪ್ಪಿಗೆಯಿಲ್ಲದಿದ್ದರೆ ಮೇಲಿನ ಕಚೇರಿಗೆ ಮೇಲ್ಮನವಿ ಉಂಟು, ಅಲ್ಲಿಯೂ ಆಗದಿದ್ದರೆ ನ್ಯಾಯಾಲಯ ಉಂಟು. ನನಗೆ ಕೆಲಸ ಕಲಿಸಿದ ಹಿರಿಯರು ಅಳತೆಯ ದಿನ ಅರ್ಜಿದಾರನ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ. ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಸರಪಳಿಯ ತುದಿಯನ್ನು ಅರ್ಜಿದಾರನ ಮಗನ ಕೈಗೆ ಕೊಡಬಾರದು ಎಂಬುದು ಅವರು ಹೇಳಿಕೊಟ್ಟ ಮೊದಲ ಪಾಠ. ಎರಡು ಗುಂಟೆ ಬದುವಿಗೆ ಇಷ್ಟೊಂದು ಕಟ್ಟುಪಾಡು ಇಟ್ಟುಕೊಂಡ ನಾವು, ಲಕ್ಷಾಂತರ ಜನರ ಮತಕ್ಕೆ ಗಡಿ ಹಾಕುವಾಗ ಎಷ್ಟು ಎಚ್ಚರವಾಗಿರಬೇಕು?

ನಮ್ಮ ಕಡೆಯ ಉದಾಹರಣೆಯನ್ನೇ ಹೇಳುತ್ತೇನೆ. ನನ್ನ ಊರು ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಲ್ಲಿದೆ. ತಹಶೀಲ್ದಾರರು ಮಂಡ್ಯದಲ್ಲಿ, ಸಬ್ ರಿಜಿಸ್ಟ್ರಾರ್ ಕಚೇರಿ ಮಂಡ್ಯದಲ್ಲಿ, ಮಕ್ಕಳ ಕಾಲೇಜು, ಸಂತೆ, ಆಸ್ಪತ್ರೆ ಎಲ್ಲವೂ ಮಂಡ್ಯದಲ್ಲಿ. ಆದರೆ ನಾವು ಮತ ಹಾಕುವುದು ಮೇಲುಕೋಟೆ ಕ್ಷೇತ್ರಕ್ಕೆ. ಆ ಕ್ಷೇತ್ರದ ಹೆಚ್ಚಿನ ಭಾಗ ಪಾಂಡವಪುರ ತಾಲ್ಲೂಕು. ಬಗರ್ ಹುಕುಂ ಅರ್ಜಿ ಹಾಕಿಕೊಂಡ ನಮ್ಮೂರಿನ ರೈತನ ಕಡತ ಒಂದು ತಾಲ್ಲೂಕಿನಲ್ಲಿರುತ್ತದೆ. ಅದನ್ನು ತೀರ್ಮಾನಿಸುವ ಸಮಿತಿಯ ಅಧ್ಯಕ್ಷರಾದ ಶಾಸಕರ ಓಡಾಟ ಹೆಚ್ಚಾಗಿ ಇನ್ನೊಂದು ತಾಲ್ಲೂಕಿನಲ್ಲಿರುತ್ತದೆ. ಇದರಲ್ಲಿ ಯಾವ ಶಾಸಕರನ್ನೂ ದೂರುವುದಿಲ್ಲ. ಯಾರೇ ಬಂದರೂ ಎರಡು ತಾಲ್ಲೂಕು ಕಚೇರಿಗಳ ನಡುವೆ ಓಡಬೇಕಾದ ಗೆರೆ ಅದು. ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿಯವರನ್ನು ಕೇಳಿದರೂ ಇದೇ ಮಾತು ಬರುತ್ತದೆ. ಅವರ ಶಾಸಕರು ನಾಗಮಂಗಲದವರು.

2008ಕ್ಕೆ ಮೊದಲು ಮಂಡ್ಯ ಜಿಲ್ಲೆಯಲ್ಲಿ ಒಂಬತ್ತು ವಿಧಾನಸಭಾ ಕ್ಷೇತ್ರಗಳಿದ್ದವು. ಕೆರಗೋಡು ಮತ್ತು ಕಿರುಗಾವಲು ಎಂಬ ಎರಡು ಕ್ಷೇತ್ರಗಳು ಆ ವರ್ಷ ಜಾರಿಗೆ ಬಂದ ಮರುವಿಂಗಡಣೆಯಲ್ಲಿ ಅಳಿಸಿಹೋದವು. ಪಾಂಡವಪುರ ಎಂಬ ಹೆಸರು ಹೋಗಿ ಮೇಲುಕೋಟೆ ಬಂತು. ಈಗ ನಮ್ಮದು ಏಳು. ಪಕ್ಕದ ಮೈಸೂರು ಜಿಲ್ಲೆಯಲ್ಲಿ ಬನ್ನೂರು ಹೋಯಿತು, ವರುಣ ಹುಟ್ಟಿತು. ಚಾಮರಾಜನಗರದ ಸಂತೇಮರಹಳ್ಳಿಯನ್ನು ಮರೆಯುವುದುಂಟೇ? 2004ರಲ್ಲಿ ಒಂದೇ ಒಂದು ಮತದಿಂದ ಫಲಿತಾಂಶ ತೀರ್ಮಾನವಾದ ಕ್ಷೇತ್ರ ಅದು. ಅದೂ ಇಲ್ಲವಾಯಿತು. ಕೊಡಗಿನಲ್ಲಿ ಮೂರಿದ್ದದ್ದು ಎರಡಾಯಿತು. ಕೊಡಗಿನವರು ಅಲ್ಲಿಯವರೆಗೆ ಮಂಗಳೂರು ಲೋಕಸಭಾ ಕ್ಷೇತ್ರದ ಮತದಾರರು, ರಾತ್ರಿ ಬೆಳಗಾಗುವುದರಲ್ಲಿ ಮೈಸೂರಿನವರಾದರು. ಈ ಬದಲಾವಣೆಯ ಸುದ್ದಿ ನಮ್ಮೂರಿನ ಹೆಚ್ಚಿನವರಿಗೆ ತಿಳಿದದ್ದು ಮತ ಕೇಳಲು ಬಂದವರಿಂದ.

ನನ್ನ ತಂಗಿಯನ್ನು ಕೆ.ಆರ್. ನಗರದ ಕಡೆಗೆ ಕೊಟ್ಟಿದ್ದೇವೆ. ಅವಳ ಜಿಲ್ಲಾಧಿಕಾರಿ ಮೈಸೂರಿನವರು, ಸಂಸದರು ಮಂಡ್ಯದವರು. ಮೈಸೂರು ನಗರದ ಅಂಚಿನಲ್ಲೇ ಇರುವ ವರುಣ ಕ್ಷೇತ್ರದವರ ಸಂಸದರು ಚಾಮರಾಜನಗರದವರು. ಹೀಗೇಕೆ ಎಂದು ಅವಳು ಕೇಳಿದಾಗ ನಕ್ಷೆ ಹರಡಿಕೊಂಡು ಕುಳಿತು ಲೆಕ್ಕ ಹಾಕಿದೆ. ರಾಜ್ಯದಲ್ಲಿ 224 ವಿಧಾನಸಭಾ ಸ್ಥಾನಗಳು, 28 ಲೋಕಸಭಾ ಸ್ಥಾನಗಳು. ಭಾಗಿಸಿದರೆ ಒಂದಕ್ಕೆ ಎಂಟು. ಮಂಡ್ಯ ಜಿಲ್ಲೆಯಲ್ಲಿರುವುದು ಏಳು, ಆದ್ದರಿಂದ ಒಂದು ಬೇಕು: ಕೆ.ಆರ್. ನಗರ ಬಂತು. ಚಾಮರಾಜನಗರ ಜಿಲ್ಲೆಯಲ್ಲಿ ನಾಲ್ಕು, ಇನ್ನೂ ನಾಲ್ಕು ಬೇಕು: ಎಚ್.ಡಿ. ಕೋಟೆ, ನಂಜನಗೂಡು, ವರುಣ, ತಿ. ನರಸೀಪುರ ಹೋದವು. ಕೊಡಗಿನಲ್ಲಿ ಎರಡು, ಆರು ಬೇಕು: ಮೈಸೂರು ನಗರದ ಮೂರರ ಜೊತೆ ಚಾಮುಂಡೇಶ್ವರಿ, ಹುಣಸೂರು, ಪಿರಿಯಾಪಟ್ಟಣ ಸೇರಿದವು. ಒಂದು, ನಾಲ್ಕು, ಆರು ಕೂಡಿದರೆ ಹನ್ನೊಂದು. ಮೈಸೂರು ಜಿಲ್ಲೆಯ ಹನ್ನೊಂದು ಕ್ಷೇತ್ರಗಳೂ ಮೂರು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋದವು. ಲೆಕ್ಕ ಕರಾರುವಾಕ್ಕಾಗಿದೆ. ಇದನ್ನು ಮಾಡಿದವರ ಮೇಲೆ ಯಾವ ಸಂಶಯವನ್ನೂ ಪಡುವುದಿಲ್ಲ. ನನ್ನ ಪ್ರಶ್ನೆ ಬೇರೆ. ಎಂಟನೆಯದಾಗಿ ಮಂಡ್ಯಕ್ಕೆ ಕೆ.ಆರ್. ನಗರವೇ ಏಕೆ ಬರಬೇಕು, ತಿ. ನರಸೀಪುರ ಏಕೆ ಬರಬಾರದು? ಬನ್ನೂರು, ಮಳವಳ್ಳಿ, ತಿ. ನರಸೀಪುರದವರು ಒಂದೇ ನೀರು, ಒಂದೇ ಕಬ್ಬು, ಒಂದೇ ಭತ್ತದ ಜನ. ಈ ಆಯ್ಕೆಗೆ ಉತ್ತರ ಇರಬಹುದು. ಆ ಉತ್ತರವನ್ನು ಜನರ ಮುಂದೆ ನಿಂತು ಹೇಳುವ ಪದ್ಧತಿ ಬೇಕು.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮಂಡ್ಯಕ್ಕೆ ಎರಡು ಸ್ಥಾನ ಕಡಿಮೆಯಾದದ್ದು ಬೆಂಗಳೂರು ಬೆಳೆದದ್ದರಿಂದ. ಇಂದು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 28 ವಿಧಾನಸಭಾ ಕ್ಷೇತ್ರಗಳಿವೆ. ಉತ್ತರದ ರಾಜ್ಯಗಳ ಮುಂದೆ ಕರ್ನಾಟಕ ಯಾವ ದುಃಖವನ್ನು ಹೇಳಿಕೊಳ್ಳುತ್ತಿದೆಯೋ, ಬೆಂಗಳೂರಿನ ಮುಂದೆ ಮಂಡ್ಯ ಆ ದುಃಖವನ್ನು 2008ರಲ್ಲೇ ಉಂಡಿದೆ. ಆಗ ರಾಜ್ಯದಲ್ಲಿ ಅದು ದೊಡ್ಡ ಸುದ್ದಿಯಾಗಲಿಲ್ಲ. ಹಾಗೆಂದು ಬೆಂಗಳೂರಿನವರ ಮಾತನ್ನು ತಳ್ಳಿಹಾಕಲೂ ಆಗದು. ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ ಕಳೆದ ಚುನಾವಣೆಯ ಹೊತ್ತಿಗೆ ಮತದಾರರು 30 ಲಕ್ಷ ದಾಟಿದ್ದರು. ಉಡುಪಿ-ಚಿಕ್ಕಮಗಳೂರಿನಲ್ಲಿ 16 ಲಕ್ಷವೂ ಇರಲಿಲ್ಲ. ಒಬ್ಬನ ಮತ ಇನ್ನೊಬ್ಬನ ಮತದ ಅರ್ಧದಷ್ಟು ಮಾತ್ರ ತೂಗುವುದನ್ನು ನ್ಯಾಯ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. 1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2.93 ಕೋಟಿ, ಒಬ್ಬ ಸಂಸದನಿಗೆ ಸುಮಾರು ಹತ್ತೂವರೆ ಲಕ್ಷ ಜನ. 2011ರಲ್ಲಿ 6.11 ಕೋಟಿ, ಒಬ್ಬರಿಗೆ ಸುಮಾರು 22 ಲಕ್ಷ. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿ ರಾಜ್ಯಗಳ ನಡುವಿನ ಸ್ಥಾನ ಹಂಚಿಕೆಯನ್ನು ಸ್ಥಗಿತಗೊಳಿಸಿತು, 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಇನ್ನು ಆ ಜನಗಣತಿಯ ಕಾಲ. ಅಳತೆ ಆಗಲೇಬೇಕು. ಸರಪಳಿ ಯಾರ ಕೈಯಲ್ಲಿ ಎಂಬುದನ್ನು ಈಗಲೇ ತೀರ್ಮಾನಿಸಬೇಕು.

ಬೇರೆ ದೇಶಗಳು ಇದನ್ನು ಹೇಗೆ ಮಾಡುತ್ತವೆ ಎಂದು ಓದಲು ಕುಳಿತಾಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು ಆಸ್ಟ್ರೇಲಿಯ. ಅಲ್ಲಿ ಒಂದು ರಾಜ್ಯದ ಕ್ಷೇತ್ರಗಳ ಗಡಿ ಹಾಕುವ ಸಮಿತಿಯಲ್ಲಿ ನಾಲ್ವರು: ದೇಶದ ಚುನಾವಣಾ ಆಯುಕ್ತರು, ಆ ರಾಜ್ಯದ ಚುನಾವಣಾ ಅಧಿಕಾರಿ, ರಾಜ್ಯದ ಮಹಾಲೆಕ್ಕಪರಿಶೋಧಕರು ಮತ್ತು ರಾಜ್ಯದ ಸರ್ವೇಯರ್ ಜನರಲ್. ಹೌದು, ಭೂಮಾಪನ ಇಲಾಖೆಯ ಮುಖ್ಯಸ್ಥರು! ನ್ಯೂಜಿಲೆಂಡಿನ ಆಯೋಗದಲ್ಲೂ ಸರ್ವೇಯರ್ ಜನರಲ್ ಇದ್ದಾರೆ, ಜೊತೆಗೆ ಅಂಕಿಅಂಶ ಇಲಾಖೆಯ ಮುಖ್ಯಸ್ಥರೂ ಇದ್ದಾರೆ. ಆ ಆಯೋಗ ಹುಟ್ಟಿದ್ದು 1887ರಲ್ಲಿ. ಹಳೆಯ ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದು ಆಗ ಆರೇ ವರ್ಷವಾಗಿತ್ತು. ಆ ಕಾಲದಲ್ಲೇ ಅಷ್ಟು ದೂರದ ಒಂದು ಪುಟ್ಟ ದೇಶ, ಗಡಿ ಹಾಕುವ ಕೆಲಸವನ್ನು ಗೆದ್ದು ಬಂದವರ ಕೈಯಿಂದ ತೆಗೆದು ಬೇರೆಯವರಿಗೆ ಒಪ್ಪಿಸಿತು ಎಂದು ಓದಿದಾಗ ಗೌರವ ಹುಟ್ಟಿತು. ನಮ್ಮಲ್ಲಿ 2002ರ ಮರುವಿಂಗಡಣಾ ಕಾಯ್ದೆಯ ಪ್ರಕಾರ ಆಯೋಗದಲ್ಲಿ ಮೂವರು: ಸುಪ್ರೀಂ ಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರು, ಚುನಾವಣಾ ಆಯೋಗದ ಒಬ್ಬ ಆಯುಕ್ತರು, ಆಯಾ ರಾಜ್ಯದ ಚುನಾವಣಾ ಆಯುಕ್ತರು. ನೆಲ ಅಳೆದವರು ಸದಸ್ಯರ ಪೈಕಿ ಯಾರೂ ಇಲ್ಲ.

ಆಸ್ಟ್ರೇಲಿಯದ ವಿಧಾನದಲ್ಲಿ ಕಲಿಯಬೇಕಾದದ್ದು ಇನ್ನೂ ಇದೆ. ಮೊದಲು ಜನರಿಂದ ಸಲಹೆ ಕೇಳುತ್ತಾರೆ. ಬಂದ ಸಲಹೆಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಿ, ಆ ಸಲಹೆಗಳ ಮೇಲೆ ಮತ್ತೆ ಅಭಿಪ್ರಾಯ ಕೇಳುತ್ತಾರೆ. ಅಂದರೆ ಪಕ್ಕದ ಊರಿನವನು ಏನು ಬೇಡಿದ್ದಾನೆ ಎಂಬುದು ನಿಮಗೆ ಗೊತ್ತಾಗುತ್ತದೆ, ಅದಕ್ಕೆ ನೀವು ಉತ್ತರ ಕೊಡಬಹುದು. ಕರಡು ಬಂದ ಮೇಲೆ ಆಕ್ಷೇಪಣೆ, ಆಕ್ಷೇಪಣೆಯ ಮೇಲೂ ಅಭಿಪ್ರಾಯ. ಆಕ್ಷೇಪಣೆಗಳನ್ನು ತೀರ್ಮಾನಿಸುವಾಗ ಇನ್ನಿಬ್ಬರು ಸದಸ್ಯರು ಸೇರಿಕೊಳ್ಳುತ್ತಾರೆ. ಕೊನೆಯ ತೀರ್ಮಾನಕ್ಕೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಇನ್ನೊಂದು ಜಾಣತನ ನೋಡಿ: ಇಂದಿನ ಮತದಾರರ ಸಂಖ್ಯೆಯ ಜೊತೆಗೆ ಮೂರೂವರೆ ವರ್ಷದ ನಂತರ ಎಷ್ಟಾಗಬಹುದು ಎಂಬ ಅಂದಾಜನ್ನೂ ಹಿಡಿಯುತ್ತಾರೆ. ಇಂದಿನ ಲೆಕ್ಕದಲ್ಲಿ ಶೇ 10ರವರೆಗೆ ಹೆಚ್ಚುಕಡಿಮೆಗೆ ಅವಕಾಶ, ಮುಂದಿನ ಅಂದಾಜಿನಲ್ಲಿ ಶೇ 3.5 ಮಾತ್ರ. ನಮ್ಮ ಇಂದಿನ ಕ್ಷೇತ್ರಗಳು ಇನ್ನೂ 2001ರ ತಲೆ ಎಣಿಕೆಯ ಮೇಲೆ ನಿಂತಿವೆ.

ಬ್ರಿಟನ್ನಿನಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಬೇರೆ ಬೇರೆ ಆಯೋಗಗಳಿವೆ. ಸಂಸತ್ತಿನ ಸಭಾಧ್ಯಕ್ಷರು ಹೆಸರಿಗೆ ಅಧ್ಯಕ್ಷರು, ಕೆಲಸ ನಡೆಸುವುದು ನ್ಯಾಯಾಧೀಶರು. ಮೊದಲೆಲ್ಲ ಆಯೋಗದ ವರದಿ ಸಂಸತ್ತಿಗೆ ಬಂದು ಅಲ್ಲಿ ಒಪ್ಪಿಗೆ ಪಡೆಯಬೇಕಿತ್ತು. 2010ರ ದಶಕದಲ್ಲಿ ಎರಡು ಬಾರಿ ಇಡೀ ಮರುವಿಂಗಡಣೆಯ ಕೆಲಸ ಹೀಗೆ ಜಾರಿಗೆ ಬಾರದೆ ವ್ಯರ್ಥವಾಯಿತು. ತಮ್ಮ ಕ್ಷೇತ್ರ ಕಳೆದುಕೊಳ್ಳುವ ಸದಸ್ಯರು ತಮ್ಮ ಕೈಯಾರೆ ಒಪ್ಪಿಗೆ ಕೊಡುತ್ತಾರೆಯೇ? 2020ರಲ್ಲಿ ಕಾಯ್ದೆ ತಿದ್ದಿ, ಆಯೋಗದ ವರದಿ ತಾನಾಗಿಯೇ ಜಾರಿಗೆ ಬರುವಂತೆ ಮಾಡಿದರು. 2024ರ ಜುಲೈ ಚುನಾವಣೆ ನಡೆದದ್ದು ಆ ಹೊಸ ಗಡಿಗಳ ಮೇಲೆ. ಅಲ್ಲಿಯೂ ಮೂರು ಸುತ್ತಿನ ಸಾರ್ವಜನಿಕ ಸಮಾಲೋಚನೆ ನಡೆಯುತ್ತದೆ, ಎರಡನೇ ಸುತ್ತಿನಲ್ಲಿ ಬಹಿರಂಗ ಸಭೆಗಳಿರುತ್ತವೆ. ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂದು ಕಟ್ಟುನಿಟ್ಟು ಮಾಡಿದ್ದಾರೆ, ಆದರೆ ಕೆಲವು ದ್ವೀಪಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಮಲೆನಾಡು, ಕೊಡಗಿನಂಥ ಕಡೆ ಇದು ಯೋಚಿಸತಕ್ಕ ಮಾತು.

ದಕ್ಷಿಣದ ಆತಂಕಕ್ಕೆ ಹತ್ತಿರವಾದ ಉದಾಹರಣೆ ಕೆನಡಾ. ಅಲ್ಲಿ ಎರಡು ಕೆಲಸಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಯಾವ ಪ್ರಾಂತ್ಯಕ್ಕೆ ಎಷ್ಟು ಸ್ಥಾನ ಎಂಬುದು ಸಂವಿಧಾನದ ಸೂತ್ರದಿಂದ ಬರುತ್ತದೆ. ಆ ಸ್ಥಾನಗಳಿಗೆ ಗಡಿ ಹಾಕುವುದು ಪ್ರತಿ ಪ್ರಾಂತ್ಯಕ್ಕೂ ಪ್ರತ್ಯೇಕವಾದ ಮೂವರ ಆಯೋಗ. ಅದರ ಅಧ್ಯಕ್ಷರಾದ ನ್ಯಾಯಾಧೀಶರನ್ನು ನೇಮಿಸುವುದು ಆ ಪ್ರಾಂತ್ಯದ ಮುಖ್ಯ ನ್ಯಾಯಮೂರ್ತಿ, ಉಳಿದ ಇಬ್ಬರನ್ನು ಸಭಾಧ್ಯಕ್ಷರು. ಸಂಸದರು ಆಕ್ಷೇಪಣೆ ಸಲ್ಲಿಸಬಹುದು, ಕೊನೆಯ ಮಾತು ಆಯೋಗದ್ದೇ. 1964ರಿಂದ ಹೀಗೆ ನಡೆದುಬಂದಿದೆ. ಇನ್ನು ಸ್ಥಾನಗಳ ಸಂಖ್ಯೆಯ ಮಾತು: ಫ್ರೆಂಚ್ ಮಾತನಾಡುವ ಕ್ವಿಬೆಕ್ ಪ್ರಾಂತ್ಯದ ಸ್ಥಾನ 2021ರ ಲೆಕ್ಕದಲ್ಲಿ 78ರಿಂದ 77ಕ್ಕೆ ಇಳಿಯಬೇಕಾಗಿತ್ತು. 2022ರಲ್ಲಿ ಸಂಸತ್ತು ಕಾನೂನು ಮಾಡಿ, ಯಾವ ಪ್ರಾಂತ್ಯವೂ ಆಗ ಇದ್ದ ಸ್ಥಾನಕ್ಕಿಂತ ಕೆಳಗೆ ಇಳಿಯಬಾರದು ಎಂದಿತು. ಸಭೆಯ ಒಟ್ಟು ಸಂಖ್ಯೆ 338ರಿಂದ 343ಕ್ಕೆ ಏರಿತು, ಕ್ವಿಬೆಕ್ 78ರಲ್ಲೇ ಉಳಿಯಿತು. ನ್ಯೂಜಿಲೆಂಡಿನಲ್ಲಿ ದಕ್ಷಿಣ ದ್ವೀಪಕ್ಕೆ 16 ಸಾಮಾನ್ಯ ಕ್ಷೇತ್ರಗಳು ಎಂದು ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ. ಜನ ಹೆಚ್ಚಿರುವ ಉತ್ತರ ದ್ವೀಪದ ಸಂಖ್ಯೆಯನ್ನು ಅದರ ಆಧಾರದ ಮೇಲೆ ಲೆಕ್ಕ ಹಾಕುತ್ತಾರೆ. ಸಣ್ಣ ಪಾಲುದಾರನನ್ನು ಕಾಪಾಡುವ ದಾರಿ ಜಗತ್ತಿನಲ್ಲಿ ಇಲ್ಲದೆ ಇಲ್ಲ, ನಮ್ಮ ಸಂಸದರು ಇಂಥ ಕಾಯ್ದೆಗಳನ್ನು ತರಿಸಿ ಓದಲಿ.

ಜರ್ಮನಿಯಲ್ಲಿ ಅಂಕಿಅಂಶ ಇಲಾಖೆಯ ಅಧ್ಯಕ್ಷರು ಮತ್ತು ಒಬ್ಬ ನ್ಯಾಯಾಧೀಶರಿರುವ ಆಯೋಗ ಸಲಹೆ ಕೊಡುತ್ತದೆ, ತೀರ್ಮಾನ ಸಂಸತ್ತಿನದು. ನನಗೆ ಈ ಪದ್ಧತಿ ಅಷ್ಟಾಗಿ ಹಿಡಿಸಲಿಲ್ಲ.

ಗೆರೆಯನ್ನು ಆಳುವವರ ಕೈಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಐರ್ಲೆಂಡಿನ ಕಥೆ ಕೇಳಬೇಕು. 1974ರಲ್ಲಿ ಅಲ್ಲಿನ ಸ್ಥಳೀಯಾಡಳಿತ ಸಚಿವ ಜೇಮ್ಸ್ ಟಲಿ ಕ್ಷೇತ್ರಗಳನ್ನು ತಮ್ಮ ಮೈತ್ರಿಕೂಟಕ್ಕೆ ಅನುಕೂಲವಾಗುವಂತೆ ಮರುವಿಂಗಡಿಸಿದರು. ಡಬ್ಲಿನ್ ನಗರದಲ್ಲಿ ಒಂದೊಂದರಿಂದ ಮೂವರು ಸದಸ್ಯರು ಆಯ್ಕೆಯಾಗುವ ಕ್ಷೇತ್ರಗಳನ್ನು ಮಾಡಿ, ಮೂರರಲ್ಲಿ ಎರಡು ತಮ್ಮ ಕೂಟದ ಎರಡು ಪಕ್ಷಗಳಿಗೆ ಬರುತ್ತವೆ ಎಂದು ಎಣಿಸಿದ್ದರು. 1977ರಲ್ಲಿ ಗಾಳಿ ತಿರುಗಿತು. 148ರಲ್ಲಿ 84 ಸ್ಥಾನ ವಿರೋಧ ಪಕ್ಷಕ್ಕೆ ಹೋದವು. ಆ ಮೇಲೆ ಈ ಕೆಲಸವನ್ನು ಸ್ವತಂತ್ರ ಆಯೋಗಕ್ಕೆ ಒಪ್ಪಿಸಿದರು.

ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಶಾಸನಸಭೆಯೇ ಗೆರೆ ಎಳೆಯುತ್ತದೆ. 1812ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯಪಾಲ ಎಲ್ಬ್ರಿಜ್ ಗೆರಿ ತನ್ನ ಪಕ್ಷಕ್ಕೆ ಲಾಭವಾಗುವಂತೆ ಗೆರೆ ಎಳೆದ ಮಸೂದೆಗೆ ಸಹಿ ಹಾಕಿದ ಕಾಲದಿಂದಲೂ ಆ ರೋಗ ಬಿಟ್ಟಿಲ್ಲ. ಪಕ್ಷದ ಲಾಭಕ್ಕಾಗಿ ಎಳೆದ ಗೆರೆಯನ್ನು ಪ್ರಶ್ನಿಸಲು ಒಕ್ಕೂಟದ ನ್ಯಾಯಾಲಯಗಳಿಗೆ ಬರಬೇಡಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಹೇಳಿಬಿಟ್ಟಿತು. ಆದರೂ ಅದೇ ದೇಶದ ಐಯೋವ ರಾಜ್ಯದಲ್ಲಿ 1980ರ ದಶಕದಿಂದ ಪಕ್ಷಾತೀತ ಸಿಬ್ಬಂದಿ ನಕ್ಷೆ ತಯಾರಿಸುತ್ತಾರೆ. ಹಾಲಿ ಶಾಸಕರ ಮನೆ ಎಲ್ಲಿದೆ, ಹಿಂದಿನ ಚುನಾವಣೆಯಲ್ಲಿ ಯಾವ ಊರು ಯಾರಿಗೆ ಮತ ಹಾಕಿತು ಎಂಬುದನ್ನು ಅವರು ನೋಡುವಂತೆಯೇ ಇಲ್ಲ. ಈ ನಿಯಮವನ್ನು ಓದಿದಾಗ ಬುತ್ತಿ ಕಟ್ಟಿಕೊಂಡು ಬರುತ್ತಿದ್ದ ನನ್ನ ಹಿರಿಯರು ಕಣ್ಣ ಮುಂದೆ ಬಂದರು. ಕ್ಯಾಲಿಫೋರ್ನಿಯದಲ್ಲಿ 2008ರ ಜನಮತಗಣನೆಯ ನಂತರ 14 ಮಂದಿ ಸಾಮಾನ್ಯ ನಾಗರಿಕರ ಆಯೋಗ ಬಂತು. ಎರಡು ದೊಡ್ಡ ಪಕ್ಷಗಳ ಬೆಂಬಲಿಗರು ಐದೈದು, ಯಾವುದಕ್ಕೂ ಸೇರದವರು ನಾಲ್ವರು. ಮೊದಲ ಎಂಟು ಮಂದಿಯನ್ನು ಆರಿಸುವುದು ಚೀಟಿ ಎತ್ತಿ. ಆದರೆ 2025ರಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಆಳುವ ಪಕ್ಷ ಜನಗಣತಿಗೂ ಕಾಯದೆ ನಡುವೆಯೇ ಗೆರೆ ಬದಲಿಸಿತು. ಅದಕ್ಕೆ ಪ್ರತಿಯಾಗಿ ಕ್ಯಾಲಿಫೋರ್ನಿಯದ ಜನ ನವೆಂಬರ್‌ನಲ್ಲಿ ಮತ ಹಾಕಿ, ಸಂಸತ್ತಿನ ಕ್ಷೇತ್ರಗಳ ಮಟ್ಟಿಗೆ ತಮ್ಮ ಆಯೋಗದ ನಕ್ಷೆಯನ್ನು ತಾತ್ಕಾಲಿಕವಾಗಿ ಬದಿಗಿಟ್ಟು ಶಾಸನಸಭೆಯ ನಕ್ಷೆಯನ್ನು ಒಪ್ಪಿಕೊಂಡರು. ಒಬ್ಬನು ಬದು ಒತ್ತಿದ ಎಂದು ಇನ್ನೊಬ್ಬನೂ ಒತ್ತುವುದನ್ನು ಹೊಲಗಳಲ್ಲಿ ಸಾಕಷ್ಟು ನೋಡಿದ್ದೇನೆ. ಒಂದೇ ಕಾನೂನು ಇಡೀ ದೇಶವನ್ನು ಕಟ್ಟಿಹಾಕದಿದ್ದರೆ ಒಳ್ಳೆಯ ಆಯೋಗವೂ ಉಳಿಯುವುದಿಲ್ಲ.

ಈ ವಿಷಯದಲ್ಲಿ ನಮ್ಮ ದೇಶದ ಹಿರಿಯರು ಮಾಡಿಟ್ಟದ್ದು ಕಡಿಮೆಯದಲ್ಲ. 1952ರಿಂದಲೂ ನಮ್ಮಲ್ಲಿ ಗೆರೆ ಎಳೆಯುವುದು ಆಯೋಗ. ಆಯೋಗದ ಆದೇಶವನ್ನು ಲೋಕಸಭೆಯಲ್ಲಿ, ವಿಧಾನಸಭೆಯಲ್ಲಿ ಮಂಡಿಸುತ್ತಾರೆ, ಒಂದಕ್ಷರ ತಿದ್ದಲು ಅವರಿಗೆ ಅಧಿಕಾರವಿಲ್ಲ. ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ, ಮತ ಹಾಕುವಂತಿಲ್ಲ. ಕರಡನ್ನು ಪ್ರಕಟಿಸಿ ಬಹಿರಂಗ ಸಭೆ ನಡೆಸಬೇಕೆಂದೂ ಕಾಯ್ದೆಯಲ್ಲಿದೆ. 2002ರ ಕಾಯ್ದೆಯಂತೆ ರಚನೆಯಾದ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗದ ಗೆರೆಗಳ ಮೇಲೆ ಮೊದಲು ಚುನಾವಣೆ ಎದುರಿಸಿದ ರಾಜ್ಯ ನಮ್ಮ ಕರ್ನಾಟಕ, 2008ರ ಮೇನಲ್ಲಿ. ಅಮೆರಿಕದವರಿಗಿಂತ ನಾವು ಮೇಲು ಎಂದು ಹೆಮ್ಮೆಯಿಂದ ಹೇಳುತ್ತೇನೆ.

ಆದರೆ ಮೂರು ಕಡೆ ಸಡಿಲವಿದೆ. ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರ್ಕಾರ, ಅಂದರೆ ಆ ಹೊತ್ತಿಗೆ ಆಳುತ್ತಿರುವ ಪಕ್ಷ. ಉತ್ತರ, ದಕ್ಷಿಣ ಎಂದು ಮನಸ್ಸುಗಳು ಒಡೆದಿರುವ ಈ ಕಾಲದಲ್ಲಿ ಅದು ಸಾಲದು. ಹೆಸರನ್ನು ಸೂಚಿಸುವ ಕೆಲಸ ಭಾರತದ ಮುಖ್ಯ ನ್ಯಾಯಮೂರ್ತಿಗಳದಾಗಲಿ, ರಾಜ್ಯದ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳು ಸೂಚಿಸುವ ಒಬ್ಬರು ಆಯಾ ರಾಜ್ಯದ ಕೆಲಸಕ್ಕೆ ಸೇರಲಿ. ಎರಡನೆಯದು ಆಯೋಗ ರಚನೆಯ ಕಾಲ. ಜನಗಣತಿಯ ಅಂಕಿ ಹೊರಬಂದ ಮೇಲೆ ಆಯೋಗ ರಚಿಸಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ, ಪ್ರತಿ ಹೆಸರಿಗೂ ಬಣ್ಣ ಬಳಿಯುತ್ತಾರೆ. ಅಂಕಿಗೆ ಮೊದಲೇ ಆಯೋಗ ಕೂರಬೇಕು. ಮೂರನೆಯದು ಮೇಲ್ಮನವಿ. ಸಂವಿಧಾನದ 329ನೇ ವಿಧಿ ಕ್ಷೇತ್ರ ವಿಂಗಡಣೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದನ್ನು ತಡೆಯುತ್ತದೆ. 1966ರಲ್ಲಿ ಉಜ್ಜಯಿನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಪ್ರತಿ ಗೆರೆಗೂ ಮೊಕದ್ದಮೆ ಹೂಡಿದರೆ ಚುನಾವಣೆಯೇ ನಡೆಯದು ಎಂಬ ಕಾರಣ ನನಗೂ ಒಪ್ಪಿಗೆ. 2024ರಲ್ಲಿ ಗುಜರಾತಿನ ಬಾರ್ಡೋಲಿಯ ಪ್ರಕರಣದಲ್ಲಿ, ಆದೇಶ ಕಣ್ಣಿಗೆ ಹೊಡೆಯುವಷ್ಟು ಮನಸೋ ಇಚ್ಛೆಯದಾಗಿದ್ದರೆ ನ್ಯಾಯಾಲಯ ನೋಡಬಹುದು ಎಂದು ಅದೇ ಕೋರ್ಟ್ ಸ್ವಲ್ಪ ಬಾಗಿಲು ತೆರೆದಿದೆ. ಆದರೆ ದುದ್ದ ಹೋಬಳಿಯ ರೈತ ದೆಹಲಿಗೆ ಹೋಗಲಾರ. ಅವನಿಗೆ ಬೇಕಾದದ್ದು ಆದೇಶಕ್ಕೆ ಮೊದಲು ತನ್ನ ಊರಿನ ಹತ್ತಿರ ಒಂದು ವಿಚಾರಣೆ.

ಆ ವಿಚಾರಣೆಯನ್ನು ತಾಲ್ಲೂಕು ಕೇಂದ್ರದಲ್ಲಿ, ಕನ್ನಡದಲ್ಲಿ ನಡೆಸಬೇಕು. ಕರಡು ನಕ್ಷೆಯಲ್ಲಿ ಹೋಬಳಿ, ಗ್ರಾಮ ಪಂಚಾಯಿತಿ, ಗ್ರಾಮದ ಗಡಿಗಳು ಕಾಣಬೇಕು. ಜನಗಣತಿಯ ಸಂಕೇತ ಸಂಖ್ಯೆಗಳ ಪಟ್ಟಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಗೆ ಆ ನಕ್ಷೆ ಅಂಟಿಸಬೇಕು, ಡಂಗುರ ಸಾರಬೇಕು. ಹೋಬಳಿಯನ್ನು ಒಡೆದರೆ ಅಥವಾ ತಾಲ್ಲೂಕಿನಿಂದ ಬೇರ್ಪಡಿಸಿದರೆ ಕಾರಣವನ್ನು ಎರಡು ವಾಕ್ಯದಲ್ಲಾದರೂ ಬರೆಯಬೇಕು. ಆಕ್ಷೇಪಣೆಗಳ ನಂತರ ಕರಡು ಬದಲಾದರೆ, ಬದಲಾದ ಜಾಗದವರಿಗೆ ಇನ್ನೊಮ್ಮೆ ಮಾತನಾಡಲು ಅವಕಾಶ ಕೊಡಬೇಕು. ಇದು ತುಂಬ ಮುಖ್ಯ. ಮೊದಲ ಕರಡಿನಲ್ಲಿ ತಮಗೆ ತೊಂದರೆಯಿಲ್ಲ ಎಂದು ಸುಮ್ಮನಿದ್ದ ಊರು, ಪಕ್ಕದ ಊರಿನ ಆಕ್ಷೇಪಣೆಯಿಂದಾಗಿ ಅಂತಿಮ ಆದೇಶದಲ್ಲಿ ಎಲ್ಲಿಗೋ ಹೋಗಿಬಿಟ್ಟಿರುತ್ತದೆ. ಮೀಸಲು ಕ್ಷೇತ್ರಗಳ ವಿಷಯದಲ್ಲೂ ಹಾಗೆಯೇ. ಎಚ್.ಡಿ. ಕೋಟೆ ಪರಿಶಿಷ್ಟ ಪಂಗಡಕ್ಕೆ, ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾಗಿರುವುದು ಯಾವ ಅಂಕಿಯ ಮೇಲೆ ಎಂಬುದನ್ನು ಪಟ್ಟಿಯ ಸಮೇತ ಹಾಕಿದರೆ ಗುಸುಗುಸು ಮಾತಿಗೆ ಜಾಗವಿರುವುದಿಲ್ಲ.

ದೆಹಲಿಗೆ ಉಪದೇಶ ಮಾಡುವಾಗ ವಿಧಾನಸೌಧವನ್ನು ಬಿಡಲಾಗದು. ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ಗುರುತಿಸುವ ಕೆಲಸದಲ್ಲಿ ತೊಡಗಿದ್ದಾಗ, ಅದೇ ವರ್ಷ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದಿಂದ ಕಿತ್ತು ತಾನು ರಚಿಸಿದ ಬೇರೊಂದು ಆಯೋಗಕ್ಕೆ ಕೊಟ್ಟಿತು. ಆ ಸರ್ಕಾರ ಹೋಗಿ ಬೇರೆ ಪಕ್ಷದ ಸರ್ಕಾರ ಬಂದರೂ ಚುನಾವಣೆ ಬರಲಿಲ್ಲ. ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಆಳ್ವಿಕೆ. ಗಡಿ ವಿಂಗಡಣೆ ಬಾಕಿ ಇದೆ ಎಂಬ ಕಾರಣಕ್ಕೆ ಸ್ಥಳೀಯ ಚುನಾವಣೆ ಮುಂದೂಡಬಾರದು ಎಂದು ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ಖಂಡಿತವಾಗಿ ಹೇಳಿದೆ. ಶ್ರೀಲಂಕಾದಲ್ಲಿ ಇದೇ ರೋಗ ಕಾಣಿಸಿಕೊಂಡಿತು: 2017ರಲ್ಲಿ ಪ್ರಾಂತೀಯ ಸಭೆಗಳ ಚುನಾವಣಾ ಪದ್ಧತಿ ಬದಲಿಸಿದರು, 2018ರಲ್ಲಿ ಗಡಿ ಸಮಿತಿಯ ವರದಿಯನ್ನು ಸಂಸತ್ತೇ ತಿರಸ್ಕರಿಸಿತು, ಆ ಚುನಾವಣೆಗಳು ವರ್ಷಾನುಗಟ್ಟಲೆ ನಿಂತುಹೋದವು. ಗೆರೆಯನ್ನು ವಕ್ರವಾಗಿ ಎಳೆಯುವುದು ಒಂದು ಅನ್ಯಾಯ, ಗೆರೆಯನ್ನೇ ಎಳೆಯದೆ ಕೂರುವುದು ಇನ್ನೊಂದು. ದಕ್ಷಿಣದ ಹಕ್ಕಿಗಾಗಿ ದನಿಯೆತ್ತುವ ನಮ್ಮ ಎಲ್ಲ ಪಕ್ಷಗಳ ನಾಯಕರೂ ಪಂಚಾಯಿತಿ ಕ್ಷೇತ್ರಗಳ ಗಡಿ ಹಾಕುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಹಿಂದಿರುಗಿಸುವ ತಿದ್ದುಪಡಿಯನ್ನು ತರಲಿ.

ಮಂಡ್ಯ, ಮೈಸೂರು, ಚಾಮರಾಜನಗರದ ಮೂವರು ಸಂಸದರಿಗೂ ನನ್ನದೊಂದು ಕೋರಿಕೆ ಇದೆ. ಹೊಸ ಮರುವಿಂಗಡಣಾ ಕಾಯ್ದೆ ಸಂಸತ್ತಿನ ಮುಂದೆ ಬಂದಾಗ ಸ್ಥಾನದ ಸಂಖ್ಯೆಯ ಮೇಲಷ್ಟೇ ಮಾತನಾಡದೆ, ಅಧ್ಯಕ್ಷರ ನೇಮಕ ಮತ್ತು ತಾಲ್ಲೂಕು ವಿಚಾರಣೆಯ ಬಗ್ಗೆ ತಿದ್ದುಪಡಿ ಸೂಚಿಸಿ. ಆಯೋಗದ ನೆರವಿಗೆ ಪ್ರತಿ ಜಿಲ್ಲೆಯಿಂದ ಭೂದಾಖಲೆಗಳ ಉಪನಿರ್ದೇಶಕರನ್ನು ಕಡ್ಡಾಯವಾಗಿ ಕೂರಿಸಿಕೊಳ್ಳಬೇಕೆಂದು ಬರೆಸಿ. ಯಾವ ಹಳ್ಳಿಗೆ ಹೋಗಲು ಯಾವ ಹೊಳೆ ದಾಟಬೇಕು, ಯಾವ ಗುಡ್ಡ ಬಳಸಬೇಕು ಎಂಬುದು ಅವರ ಟಿಪ್ಪಣಿಗಳಲ್ಲಿದೆ.

ಸಂಪಾದಕರೇ, ನಿಮ್ಮಿಂದಲೂ ಒಂದು ಉಪಕಾರ ಬೇಕು. ಕರಡು ಹೊರಬಂದ ದಿನ ಮಂಡ್ಯ ಮತ್ತು ಮೈಸೂರು ಆವೃತ್ತಿಗಳಲ್ಲಿ ಹೋಬಳಿವಾರು ಪಟ್ಟಿಯನ್ನು ಪೂರ್ತಿಯಾಗಿ ಅಚ್ಚು ಮಾಡಿ. ಪಕ್ಕದಲ್ಲೇ ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನಾಂಕ ಮತ್ತು ವಿಳಾಸವನ್ನು ದಪ್ಪಕ್ಷರದಲ್ಲಿ ಹಾಕಿ. ಅರ್ಜಿ ಬರೆಯಲು ತಿಳಿಯದವರಿಗೆ ಬರೆದುಕೊಡಲು, ನಕ್ಷೆ ಓದಿ ಹೇಳಲು ದುದ್ದದಲ್ಲಿ ನಾನು ಕುಳಿತುಕೊಳ್ಳುತ್ತೇನೆ. ಬೇರೆ ಹೋಬಳಿಗಳಲ್ಲಿರುವ ನನ್ನ ಇಲಾಖೆಯ ನಿವೃತ್ತ ಮಿತ್ರರೂ ಹೀಗೆಯೇ ಮುಂದೆ ಬರಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ವೆಯರ್
ದುದ್ದ ಹೋಬಳಿ, ಮಂಡ್ಯ ತಾಲ್ಲೂಕು